ಬಾಲ್ಕನಿಯಲ್ಲಿ ಕೂತ ಅಳಿಯ

ಲಕ್ಷ್ಮೇಶ್ವರಕ್ಕೆ ಬಂದ ಮೊದಲ ವಾರವೇ ಒಂದು ಹೊಲ ನನ್ನ ಎರಡೂ ಬೂಟುಗಳನ್ನು ಕಿತ್ತುಕೊಂಡಿತು. ಕುರ್ತಕೋಟಿಯ ಹತ್ತಿರ ರೈತರೊಬ್ಬರ ಮೆಣಸಿನಕಾಯಿ ಬೆಳೆ ನೋಡಲು ಮಾವನವರ ಜೊತೆ ಹೋಗಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ನಾನು ನಂಜನಗೂಡಿನವನು. ನಮ್ಮ ಕಡೆ ಮಳೆ ಬಿದ್ದ ಹೊಲಕ್ಕೆ ಇಳಿದರೆ ಕಾಲು ಕೆಸರಾಗುತ್ತದೆ, ತೊಳೆದುಕೊಂಡರೆ ಹೋಗುತ್ತದೆ. ಇಲ್ಲಿನವರು ಎರಿ ಎನ್ನುವ ಈ ಕಪ್ಪು ಮಣ್ಣಿನ ಸ್ವಭಾವವೇ ಬೇರೆ. ಮೊದಲು ಬೂಟಿಗೆ ಮಣ್ಣು ಅಂಟಿತು, ಆಮೇಲೆ ಮಣ್ಣಿಗೆ ಮಣ್ಣು ಅಂಟಿತು, ಕಾಲು ಆನೆಯ ಕಾಲಾಯಿತು. ಕೊನೆಗೆ ಬೂಟು ಅಲ್ಲೇ ನಿಂತು ನಾನು ಮಾತ್ರ ಮುಂದೆ ಹೋದೆ. ಬದುವಿನ ಮೇಲೆ ನಿಂತಿದ್ದವರೆಲ್ಲ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದರು. ಯಾರೂ ನಗಲಿಲ್ಲ.

ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾವ ಆಕಾಶ ನೋಡಿದರು, ರೈತರು ಗಿಡ ನೋಡಿದರು. "ಅಳಿಯಂದ್ರ ಕಾಲಿಗೆ ನೀರು ತರ್ರೆಪಾ" ಎಂದು ಯಾರೋ ಹೇಳಿದರು. ನೀರು ಬಂತು, ಸಂಜೆಯ ಹೊತ್ತಿಗೆ ಹೊಸ ಬೂಟೂ ಬಂತು. ಆ ವಿಷಯವನ್ನು ಮನೆಯಲ್ಲಿ ಒಬ್ಬರೂ ಎತ್ತಲಿಲ್ಲ. ಇದೇ ನಮ್ಮೂರಿನಲ್ಲಿ ಆಗಿದ್ದರೆ ನನ್ನ ಹೆಸರಿನ ಹಿಂದೆ ಬೂಟು ಸೇರಿಕೊಂಡು ಸಾಯುವತನಕ ಹಾಗೇ ಕರೆಯುತ್ತಿದ್ದರು.

ನಾನು ಇಲ್ಲಿಗೆ ಬಂದದ್ದು ಮನೆ ಅಳಿಯನಾಗಿ. ಗಿರಿಜಾ ಮತ್ತು ನಾನು ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ಅವಳ ಅಪ್ಪನದು ಲಕ್ಷ್ಮೇಶ್ವರದಲ್ಲಿ ಅಡತಿ ಅಂಗಡಿ, ಅಂದರೆ ರೈತರ ಮಾಲನ್ನು ಮಾರಿಸಿಕೊಡುವ ವ್ಯಾಪಾರ. ಒಬ್ಬಳೇ ಮಗಳು. ಮದುವೆಗೆ ಅವರು ಇಟ್ಟ ಷರತ್ತು ಒಂದೇ, ಅಳಿಯ ಇಲ್ಲಿ ಬಂದಿರಬೇಕು. ನನ್ನ ಬಾಲ್ಯದ ಗೆಳೆಯ ಮಾದಪ್ಪ ಬಸ್ಸು ಹತ್ತಿಸಿ, "ಅರಮನೆಗೆ ಹೋಯ್ತಾ ಇದೀಯ ಕಣ್ಲಾ, ನಮ್ಮನ್ನ ಮರೀಬ್ಯಾಡ" ಎಂದಿದ್ದ. ಅರಮನೆ ಎಂದದ್ದೇನೂ ಸುಳ್ಳಲ್ಲ. ಅರಮನೆಯಲ್ಲಿ ಇರುವವರು ಸುಮ್ಮನೆ ಎದ್ದು ಹೊರಗೆ ಹೋಗುವಂತಿಲ್ಲ ಎನ್ನುವುದು ಅವನಿಗೂ ನನಗೂ ಗೊತ್ತಿರಲಿಲ್ಲ.

ಊಟ ಬೇಗ ಒಗ್ಗಿತು. ಅಲ್ಲಿ ಮುದ್ದೆಯನ್ನು ನುಂಗುತ್ತಿದ್ದೆ, ಇಲ್ಲಿ ರೊಟ್ಟಿಯನ್ನು ಅಗಿಯಬೇಕು; ಮೊದಮೊದಲು ದವಡೆ ನೋಯುತ್ತಿತ್ತು, ಈಗ ಗುರೆಳ್ಳು ಪುಡಿ ಇಲ್ಲದೆ ತುತ್ತು ಇಳಿಯುವುದಿಲ್ಲ. ಮಾತೂ ಒಗ್ಗಿತು. ಒಗ್ಗದೆ ಉಳಿದದ್ದು ಮರ್ಯಾದೆ. ನೀರಿಗೆ ಏಳುವಷ್ಟರಲ್ಲಿ ಲೋಟ ಕೈಗೆ ಬರುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿನ್ನೋಣವೆಂದು ಚಪ್ಪಲಿ ಮೆಟ್ಟಿದರೆ ಅತ್ತೆ, "ಎಲ್ಲಿಗ್ರಿ? ಇಲ್ಲೇ ತರಸ್ತೀನಿ, ಕುಂಡ್ರಿ" ಎನ್ನುತ್ತಾರೆ. ಕಲಸಿದ ಮಂಡಕ್ಕಿ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಬೇಕಾದದ್ದೆಲ್ಲ ನನ್ನ ಬಳಿಗೆ ಬರುತ್ತದೆ, ನಾನು ಯಾವುದರ ಬಳಿಗೂ ಹೋಗುವಂತಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಂಡರೂ ಕೊಬ್ಬು ಎನ್ನುತ್ತಾರೆ, ಅದಕ್ಕೇ ದೂರದ ನಮ್ಮೂರಿನ ನಿಮಗೆ ಬರೆದು ಹೇಳುತ್ತಿದ್ದೇನೆ.

ಈ ಉಸಿರುಕಟ್ಟಿನಲ್ಲಿ ನನಗೆ ಉಳಿದಿದ್ದ ಕಿಟಕಿ ನಮ್ಮ ಹೀರೋ ಒಬ್ಬನೇ. ಹೆಸರು ಬರೆಯುವುದಿಲ್ಲ, ಬರೆದರೆ ಜಗಳಕ್ಕೆ ಬರುವವರು ಎರಡೂ ಕಡೆ ಇದ್ದಾರೆ. ನಂಜನಗೂಡಿನಲ್ಲಿ ಅವನ ಚಿತ್ರವನ್ನು ಮಾದಪ್ಪ ಮತ್ತು ನಾನು ಮೊದಲ ಆಟದಲ್ಲಿ, ಪರದೆಯ ಹತ್ತಿರ, ಅರ್ಧ ನಿಂತೇ ನೋಡುತ್ತಿದ್ದೆವು. ಅಂಧಾಭಿಮಾನಿ ಮಾತ್ರ ನಾನಲ್ಲ. ಈಚೆಗೆ ಬಂದ ಪೊಲೀಸ್ ಚಿತ್ರ ನನಗೆ ಹಿಡಿಸಲಿಲ್ಲ. ಐವತ್ತು ದಾಟಿದ ಮನುಷ್ಯ ಮೆಟ್ಟಿಲು ಹತ್ತಿ ಹೊಡೆದಾಡುವಾಗ ಅವನಿಗೆ ಏದುಸಿರು ಬರುವುದನ್ನು ಕತ್ತರಿಸಿ ಮುಚ್ಚಿಟ್ಟರು. ಆ ಏದುಸಿರನ್ನು ಬಿಟ್ಟಿದ್ದರೆ ಅದೇ ಒಳ್ಳೆಯ ಕಥೆಯಾಗುತ್ತಿತ್ತು. ಅದರ ನಂತರದ ಚಿತ್ರದಲ್ಲಿ ಅವನು ತಾಯಿಯಿಲ್ಲದ ಹುಡುಗಿಯ ಅಪ್ಪ. ಮಗಳಿಗೆ ಜಡೆ ಹಾಕಲು ಬಾರದೆ ಬೆರಳು ತಡವರಿಸುವ ಒಂದು ದೃಶ್ಯವಿದೆ. ಅವನು ಅದಕ್ಕಿಂತ ಚೆನ್ನಾಗಿ ನಟಿಸಿದ್ದನ್ನು ನಾನು ಕಂಡಿಲ್ಲ. ಫೈಟ್ ಇಲ್ಲವೆಂದು ನಮ್ಮವರೇ ಅದನ್ನು ಮಲಗಿಸಿದರು. ಇಲ್ಲಿನ ಥಿಯೇಟರಿಗೂ ಅದು ಬರಲಿಲ್ಲ. ಅಂಗಡಿಯ ಹಿಂದೆ ಮೆಣಸಿನಕಾಯಿ ಚೀಲಗಳ ಮರೆಯಲ್ಲಿ ಫೋನಿನಲ್ಲಿ ನೋಡಿ ಅತ್ತುಬಿಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡ ಹಮಾಲರು ಗಾಬರಿಯಾಗಿ ನನ್ನನ್ನು ಮನೆಗೆ ಕಳಿಸಿದರು.

ಈ ಸಲದ ಚಿತ್ರದಲ್ಲಿ ಅವನು ಇದೇ ಸೀಮೆಯ ರೈತನಾಗಿದ್ದಾನೆಂಬ ಸುದ್ದಿ ಬಂತು. ನನ್ನ ಹೀರೋ ನಾನಿರುವ ಕಡೆ ಬರುತ್ತಿದ್ದ. ಶುಕ್ರವಾರ ಗದಗಿಗೆ ಹೋಗಿ ಮೊದಲ ಆಟವನ್ನು ಹಿಂದಿನಂತೆ ಕೆಳಗೆ ಕೂತು, ಸೀಟಿ ಹೊಡೆದು ನೋಡಬೇಕು ಎಂದು ಮನಸ್ಸು ಹಟ ಹಿಡಿಯಿತು. ಒಂದೇ ಒಂದು ಸಲ ನಾನು ಯಾರ ಅಳಿಯನೂ ಅಲ್ಲದೆ ಇರಬೇಕಿತ್ತು. ಮಾವನವರಿಗೆ ಸೂಕ್ಷ್ಮವಾಗಿ ಹೇಳಿ ನೋಡಿದೆ. ಅವರು ಬೇಡ ಎನ್ನುವವರಲ್ಲ. "ಒಬ್ಬರ ಯಾಕ ಹೋಗ್ತೀರಿ? ಐತವಾರ ಎಲ್ಲಾರೂ ಕೂಡೇ ಹೋಗೋಣು. ಬಾಲ್ಕನಿ ತಿಕೀಟ ತಗಸ್ತೀನಿ" ಎಂದರು.

ಶುಕ್ರವಾರ ಹರ್ತಿಗೆ ಮಾಲು ನೋಡಲು ಹೋಗುತ್ತೇನೆಂದು ಹೇಳಿ ಗದಗಿನ ಬಸ್ಸು ಹತ್ತಿದೆ. ಕೆಳಗಿನ ಟಿಕೆಟ್ ತೆಗೆದುಕೊಂಡು ಥಿಯೇಟರಿನ ಬಾಗಿಲಿಗೆ ಬಂದರೆ ಅಲ್ಲಿ ಟಿಕೆಟ್ ಹರಿಯುತ್ತಿದ್ದವರು ಅದೇ ಹರ್ತಿಯವರು, ನಮ್ಮ ಅಂಗಡಿಗೆ ಮಾಲು ಹಾಕುವ ರೈತರೊಬ್ಬರ ತಮ್ಮ. ಟಿಕೆಟ್ ನೋಡಿದರು, ನನ್ನ ಮುಖ ನೋಡಿದರು.

"ಅಲ್ಲರಿ, ಸಾವಕಾರ್ರ ಅಳಿಯಂದ್ರು ಕೆಳಗ ಕುಂಡ್ರೂದಂದ್ರ ಹೆಂಗರಿ? ನಾಳೆ ನಮ್ಮಣ್ಣ ನನ್ನ ಸುಮ್ನ ಬಿಡ್ತಾನೇನು? ಬರ್ರಿ ಮ್ಯಾಲ."

"ಇಲ್ಲೇ ಆರಾಮ ಐತ್ರಿ ನನಗ" ಎಂದೆ.

"ನಿಮಗ ಇರಬೌದು, ನನಗಿಲ್ಲರಿ" ಎಂದು ಕೈ ಹಿಡಿದು ಕರೆದೊಯ್ದೇ ಬಿಟ್ಟರು.

ಬಾಲ್ಕನಿಯ ಆ ಸಾಲಿನಲ್ಲಿ ನಾನೊಬ್ಬನೇ. ಕೆಳಗೆ ಹೊಂಬಳ, ಕುರ್ತಕೋಟಿಗಳಿಂದ ಬಂದ ಹುಡುಗರು ಕುಣಿಯುತ್ತಿದ್ದರು. ಪರದೆಯ ಮೇಲೆ ಹೀರೋನ ಮುಖ ಬಂತು. ಬೆರಳೆರಡನ್ನು ಬಾಯಿಗಿಟ್ಟೆ. "ಚಾ ತಗೊರಿ" ಎಂದು ಹರ್ತಿಯವರು ಪಕ್ಕದಲ್ಲಿ ಕಪ್ಪು ಹಿಡಿದು ನಿಂತಿದ್ದರು. ಬಾಯಿಂದ ಬೆರಳು ತೆಗೆದು ಚಹಾ ಕುಡಿದೆ.

ಚಿತ್ರ ಅರ್ಧದಷ್ಟು ಒಳ್ಳೆಯದಿದೆ. ಎತ್ತು ಸತ್ತಾಗ ಅವನು ಖಾಲಿ ಗೋದಲಿಯ ಮುಂದೆ ಸುಮ್ಮನೆ ಕೂರುವುದನ್ನು ನೋಡಿದರೆ ಜಡೆ ಹಾಕಿದ ಬೆರಳುಗಳು ನೆನಪಾಗುತ್ತವೆ. ಇಲ್ಲಿನ ಮಾತನ್ನು ಮಾತ್ರ ಅವನು ಬಾಡಿಗೆ ಅಂಗಿಯ ಹಾಗೆ ತೊಟ್ಟಿದ್ದಾನೆ. ಆಮೇಲೆ ಆ ಓಟದ ದೃಶ್ಯ ಬಂತು. ಧೋ ಎಂದು ಮಳೆ, ಉತ್ತ ಎರಿ ಹೊಲ, ಹೀರೋ ಬಿಳಿ ಬೂಟು ಹಾಕಿಕೊಂಡು ಜಿಂಕೆಯಂತೆ ಓಡುತ್ತಿದ್ದಾನೆ. ಕೆಳಗಿನಿಂದ ಒಬ್ಬ, "ಬೂಟು ಇನ್ನೂ ಕಾಲಾಗ ಅದಾವಲೇ" ಎಂದ. "ಹೊಲಾ ಬಾಡಿಗಿದು ಇರಬೇಕು ಬಿಡಲೇ" ಎಂದ ಇನ್ನೊಬ್ಬ. ಇಡೀ ಥಿಯೇಟರು ನಕ್ಕಿತು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನನ್ನು ನೋಡಿ ನಾನು ನಕ್ಕದ್ದು ಅದೇ ಮೊದಲು.

ಸಂಜೆ ಮಾದಪ್ಪನಿಗೆ ಫೋನು ಮಾಡಿದೆ. ಅವನೂ ನೋಡಿ ಬಂದು ಕುಣಿಯುತ್ತಿದ್ದ. "ಆ ಮಳೆ ಓಟ ಹೆಂಗದೆ ನೋಡ್ದ್ಯಾ?" ಎಂದ. ಆ ಮಣ್ಣಿನಲ್ಲಿ ಬೂಟು ಹಾಕಿಕೊಂಡು ಹಾಗೆ ಓಡಲು ಆಗುವುದಿಲ್ಲ ಮಾರಾಯ ಎಂದೆ. "ಬೂಟ್ ನೋಡಕ್ಕೆ ಹೋಗಿದ್ಯೇನ್ಲಾ? ನೀನು ಆ ಕಡೆಯವನೇ ಆಗ್ಬುಟ್ಟೆ ಬುಡು" ಎಂದು ಫೋನಿಟ್ಟ. ನನಗೆ ಬಹಳ ನೋವಾಯಿತು.

ಭಾನುವಾರ ಎಲ್ಲರೂ ಹೊರಟೆವು. ಕಾರು ಶಿರಹಟ್ಟಿ ದಾಟಿದ ಮೇಲೆ ಮಾವ ಕಿಟಕಿಯ ಆಚೆ ನೋಡುತ್ತ, "ಶುಕ್ರವಾರ ಚಾ ಚಲೋ ಕೊಟ್ಟರೇನ್ರಿ?" ಎಂದರು. ಖಬರು ಅವತ್ತೇ ಮನೆ ಮುಟ್ಟಿತ್ತು.

ಅದೇ ಬಾಲ್ಕನಿ, ಅದೇ ಸಾಲು. ಓಟದ ದೃಶ್ಯ ಬಂತು. ಅತ್ತೆಗೆ ತಡೆಯಲಾಗಲಿಲ್ಲ. "ಯಪ್ಪಾ, ಎರಿಯಾಗ ಬೂಟು ಹಾಕ್ಕೊಂಡು ಓಡಾಕತ್ತಾನಲ್ಲ. ಯಾ ಕಡೆಯಾಂವ ಇಂವ?" ಎಂದರು. ಮಾವನ ಭುಜ ಕುಲುಕತೊಡಗಿತು. ಗಿರಿಜಾ ನನ್ನ ತೋಳು ಹಿಡಿದುಕೊಂಡು, "ಅಪ್ಪಾ, ಕುರ್ತಕೋಟಿ ಹೊಲ ನೆನಪಾತಿಲ್ಲ?" ಎಂದಳು. ಅಷ್ಟೇ ಸಾಕಾಯಿತು. ಮೂವರೂ ಕತ್ತಲೆಯಲ್ಲಿ ಬಿದ್ದು ಬಿದ್ದು ನಕ್ಕರು. ಇಷ್ಟು ವರ್ಷ ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ನಕ್ಕಿರಬಹುದಾದ ನಗುವನ್ನೆಲ್ಲ ನನ್ನ ಪಕ್ಕದಲ್ಲೇ ಕೂತು ನಕ್ಕರು.

ನಾನು ಕಾಯುತ್ತಿದ್ದದ್ದು ಇದನ್ನೇ ಅಲ್ಲವೇ? ಆದರೂ ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಶುಕ್ರವಾರ ಅವನನ್ನು ನೋಡಿ ನಾನೇ ನಕ್ಕವನೆಂಬುದೂ ಮರೆತುಹೋಯಿತು.

"ನಗಬ್ಯಾಡ್ರಿ" ಎಂದೆ, ಇವರದೇ ಮಾತಿನಲ್ಲಿ. "ದೂರದಿಂದ ಬಂದಾನ. ಇಲ್ಲೀ ಮಣ್ಣು ಅವಂಗ ಹೆಂಗ ಗೊತ್ತಾಗಬೇಕು? ತಿಳದಷ್ಟು ಮಾಡ್ಯಾನ."

ನಗು ಅಲ್ಲಿಗೇ ನಿಂತಿತು. "ತಪ್ಪಾತರಿ" ಎಂದರು ಮಾವ. ಗಿರಿಜಾ ನನ್ನ ತೋಳಿನಿಂದ ಕೈ ತೆಗೆದಳು. ಆಮೇಲೆ ಹಾಸ್ಯದ ದೃಶ್ಯ ಬಂದರೂ ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಅಳಿಯಂದಿರ ಮಾತು ಅಳಿಯಂದಿರ ಮಾತೇ. ಪರದೆಯ ಮೇಲೆ ಹೀರೋ ಈಗ ಕಬ್ಬು ಕೊಯ್ಯುವವರಂತೆ ಕುಡುಗೋಲು ಬೀಸಿ, ಇಲ್ಲಿನವರು ಬೇರುಸಮೇತ ಕೀಳುವ ಜೋಳವನ್ನು ಕೊಯ್ಯುತ್ತಿದ್ದ. ಕೆಳಗಿನವರು ಸೀಟು ಬಡಿದು ನಗುತ್ತಿದ್ದರು. ಮಾದಪ್ಪನಾಗಿದ್ದರೆ ಸೀಟಿ ಹೊಡೆಯುತ್ತಿದ್ದ. ನನಗೆ ನಗುವೂ ಸೀಟಿಯೂ ಒಟ್ಟಿಗೆ ಬಂದವು, ಎರಡನ್ನೂ ನುಂಗಿಕೊಂಡು ನೆಟ್ಟಗೆ ಕೂತೆ.

ಅತ್ತೆ ಬಗ್ಗಿ, ಮೆಲ್ಲಗೆ ಕೇಳಿದರು, "ಚಾ ತರಸ್ಲೇನ್ರಿ?"