ಗೋಲ್‌ಕೀಪರ್ ದೋಣಿ ಹತ್ತಿದಾಗ

ಭಾರತ ಹಾಕಿ ತಂಡದ ಮಾಜಿ ಗೋಲ್‌ಕೀಪರ್ ಒಬ್ಬಳು ನನ್ನ ಕಣ್ಣೆದುರೇ ಹತ್ತು ನಿಮಿಷದಲ್ಲಿ ನಾಲ್ಕು ಸಲ ಕಾಳಿ ನದಿಗೆ ಬಿದ್ದಳು.

ಐದನೇ ಸಲ ಬಿದ್ದಾಗ ನಾನು ನಕ್ಕುಬಿಟ್ಟೆ. ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಬಿದ್ದವಳು ನನ್ನ ಸ್ವಂತ ತಂಗಿ. ತಂಗಿ ಬಿದ್ದರೆ ನಗುವ ಹಕ್ಕನ್ನು ಅಕ್ಕಂದಿರು ಹುಟ್ಟುವಾಗಲೇ ತಂದಿರುತ್ತಾರಲ್ಲವೇ? (ಲೈಫ್ ಜಾಕೆಟ್ ಹಾಕಿಕೊಂಡಿದ್ದಳು. ಗಾಬರಿ ಬೇಡ.)

"ನಗಾಡ್ಬೇಡ್ವೆ ಅಕ್ಕಾ! ನೀನೊಂದ್ಸಲ ಹತ್ತಿ ಕೂತ್ಕಂಡು ಕಾಣು!" ನೀರಿನೊಳಗಿಂದಲೇ ಕೂಗಿದಳು ರೇವತಿ.

ಈ ಅಂಕಣದ ಹಳೆಯ ಓದುಗರಿಗೆ ರೇವತಿ ಗೊತ್ತು. ಅಂಕೋಲಾ ಪಕ್ಕದ ಬೊಬ್ರುವಾಡದ ನಮ್ಮ ಮನೆಯಿಂದ ಹೊರಟು ದೇಶದ ಜೆರ್ಸಿ ಹಾಕಿದವಳು. ಅವಳು ಆಡಿ ಬಂದ ದೇಶಗಳ ಹೆಸರನ್ನು ನಮ್ಮ ಆಯಿ ಇವತ್ತಿಗೂ ತಪ್ಪಾಗಿಯೇ ಹೇಳುತ್ತಾಳೆ, ಆದರೆ ಒಂದನ್ನೂ ಬಿಡುವುದಿಲ್ಲ. ಆಮೇಲೆ ಮೊಣಕಾಲು ಕೈಕೊಟ್ಟಿತು. ಎರಡು ಆಪರೇಷನ್ ಆಯಿತು. ನಡೆಯಬಹುದು, ಆಡುವಂತಿಲ್ಲ ಅಂದರು ಡಾಕ್ಟರು.

ಊರಿಗೆ ಬಂದವಳು ರೂಮಿನ ಬಾಗಿಲು ಹಾಕಿಕೊಂಡಳು. ಒಂದು ದಿನ ಎರಡು ದಿನ ಅಲ್ಲ, ಹತ್ತಿರ ಹತ್ತಿರ ಒಂದು ವರ್ಷ! ಊಟದ ಬಟ್ಟಲು ಒಳಗೆ ಹೋಗುತ್ತಿತ್ತು, ಅರ್ಧ ತಿಂದು ಹೊರಗೆ ಬರುತ್ತಿತ್ತು. ವಾರ ವಾರ ನಿಮ್ಮ ಮುಂದೆ ಪಟಪಟ ಮಾತಾಡುವ ನನಗೆ ಆ ಬಾಗಿಲ ಮುಂದೆ ಬಾಯಿ ಬರುತ್ತಿರಲಿಲ್ಲ. ನಿಜ ಹೇಳುತ್ತೇನೆ, ತಂಗಿಯನ್ನು ಕಳೆದುಕೊಳ್ಳುತ್ತೇನೆ ಅಂತಲೇ ಭಯವಾಗಿತ್ತು.

ಕೊನೆಗೆ ಒಬ್ಬ ಫಿಸಿಯೋ ಹೇಳಿದ್ದು, ಕಯಾಕಿಂಗ್ ಮಾಡಿ ನೋಡಿ ಅಂತ. ಒಬ್ಬರೇ ಕೂತು ಹುಟ್ಟು ಹಾಕುವ, ಅಂಗೈ ಅಗಲದ ದೋಣಿ. ಮೈಭಾರ ಮೊಣಕಾಲಿನ ಮೇಲೆ ಬೀಳುವುದಿಲ್ಲ. ರೇವತಿ ಬಾಗಿಲು ತೆಗೆದು ಹೊರಗೆ ಬಂದಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಾರವಾರಕ್ಕೆ ಹೋಗತೊಡಗಿದಳು. ಎರಡು ತಿಂಗಳಿಗೆ ರಾಜ್ಯ ತಂಡದ ಸೆಲೆಕ್ಷನ್ ಇತ್ತು.

ಆದರೆ ಒಂದು ತಿಂಗಳಾದರೂ ದೋಣಿಯಲ್ಲಿ ಬೀಳದೆ ಕೂರಲು ಬರಲಿಲ್ಲ ಹುಡುಗಿಗೆ! (ಮೂವತ್ಮೂರು ವರ್ಷದವಳು. ನನಗೆ ಹುಡುಗಿಯೇ.)

"ಕೋರ್ ವೀಕ್ ಮೇಡಂ, ಕೋರ್ ಸ್ಟ್ರಾಂಗ್ ಆಗ್ಬೇಕು" ಅಂದರು ಅಲ್ಲಿಯ ಕೋಚ್. ಅಲ್ಲಾ ಸ್ವಾಮಿ, ವರ್ಷಗಟ್ಟಲೆ ದೇಶದ ಗೋಲು ಕಾದವಳ ಹೊಟ್ಟೆಯ ಸ್ನಾಯು ವೀಕಾ? ನಾನೂ ಸುಮ್ಮನಿರದೆ ನಾಲ್ಕು ಯೋಗದ ವಿಡಿಯೋ ಕಳಿಸಿದೆ. ಅವಳು ನೋಡಲಿಲ್ಲ.

ಅವತ್ತು ಕಾಳಿಯಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. "ಇದೂ ಆಗ್ಲಿಲ್ಲ ಅಂದ್ರೆ ನಾ ಇನ್ಯಾವ ಆಟಕ್ಕೂ ಬರೂದಿಲ್ಲ ಅಕ್ಕಾ. ಸಾಕು." ನನ್ನ ನಗು ಅಲ್ಲಿಗೇ ಇಂಗಿತು. ಮತ್ತೆ ಆ ರೂಮು, ಆ ಬಾಗಿಲು ಕಣ್ಣ ಮುಂದೆ ಬಂತು.

ಮರುದಿನ ಮನೆಗೆ ಗೌರಕ್ಕ ಬಂದಳು. ಪಕ್ಕದ ಕೇಣಿ ಊರಿನವಳು, ಅರವತ್ತು ದಾಟಿದವಳು. ಇಳಿತದ ಹೊತ್ತಿಗೆ ಅಳಿವೆಯ ನೀರಿನಲ್ಲಿ ನಿಂತು, ಕಾಲಲ್ಲೇ ತಡವಿ ಬಳಚು ಅನ್ನುವ ಚಿಪ್ಪುಮೀನು ತೆಗೆದು, ಬುಟ್ಟಿಯಲ್ಲಿ ಹೊತ್ತು ಮಾರುವುದು ಅವಳ ಕೆಲಸ. ಜಗಲಿಯ ಮೇಲೆ ಬುಟ್ಟಿ ಇಳಿಸಿ ರೇವತಿಯ ಮುಖ ನೋಡಿದಳು.

"ಎಂತಾ ತಂಗೀ, ಮೋರೆ ಯಾಕೆ ಹಂಗೆ?"

ರೇವತಿ ಹೇಳಿದಳು. ನನ್ನ ಹತ್ತಿರ, ಆಯಿಯ ಹತ್ತಿರ ಬಿಡಿಸಿ ಹೇಳದ್ದನ್ನೆಲ್ಲ ಬಳಚಿನ ಬುಟ್ಟಿಯ ಮುಂದೆ ಕೂತು ಹೇಳಿದಳು.

"ದೇಶ ಎಲ್ಲಾ ತಿರ್ಗಿ ಬಂದ್ಯೆ, ದೋಣಿಲಿ ಕೂರೂಕೆ ಬರೂದಿಲ್ವಾ?" ಗೌರಕ್ಕ ನಕ್ಕಳು. "ನಾಳೆ ಇಳತಕ್ಕೆ ಕೇಣಿಗೆ ಬಾ. ನನ್ನ ಪಾತಿ ಹತ್ತು."

ಪಾತಿ ಅಂದರೆ ಒಬ್ಬಿಬ್ಬರು ಕೂರುವ ಸಣ್ಣ ದೋಣಿ. ಮರುದಿನ ನಾನು ದಡದಲ್ಲಿ ಸೆರಗು ಸಿಕ್ಕಿಸಿ ನಿಂತೆ. (ನನಗೆ ಈಜು ಬರುವುದಿಲ್ಲ. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದೂ!) ಅವರಿಬ್ಬರೂ ಪಾತಿ ಹತ್ತಿದರು. ಬಲಗಡೆಯಿಂದ ಒಂದು ಸಣ್ಣ ತೆರೆ ಬಂತು. ರೇವತಿ ಬಲಕ್ಕೇ ಬಿದ್ದಳು. ಜೊತೆಗೆ ಗೌರಕ್ಕನೂ!

ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಿಂತು ಮುಖ ಒರೆಸಿಕೊಂಡ ಗೌರಕ್ಕ ಹೇಳಿದ್ದು ಒಂದೇ ಮಾತು. "ಇನ್ನೊಂದ್ಸಲ."

ಈ ಸಲ ತೆರೆ ಎಡದಿಂದ. ರೇವತಿ ಎಡಕ್ಕೆ. "ಇನ್ನೊಂದ್ಸಲ." ಮತ್ತೆ ಬಲಕ್ಕೆ. ಆಗ ಗೌರಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ತಂಗೀ, ನೀ ಬೀಳೂದಲ್ವೆ. ನೀ ಹಾರೂದು! ತೆರೆ ಎತ್ಲಾಗಿಂದ ಬರ್ತದ್ಯೋ ಅತ್ಲಾಗೇ ಹಾರ್ತೆ. ಯಾರು ಕಲ್ಸಿದ್ರು ನಿಂಗೆ ಇದ್ನ?"

ಯಾರು ಕಲಿಸಿದರು? ಸ್ಕೂಲಿನಿಂದ ನ್ಯಾಷನಲ್ ಕ್ಯಾಂಪಿನವರೆಗೆ ಎಲ್ಲರೂ ಅದನ್ನೇ ಕಲಿಸಿದ್ದು! ಗೋಲ್‌ಕೀಪರ್ ಅಂದರೆ ಅಷ್ಟೇ. ಚೆಂಡು ಬಲಕ್ಕೆ ಬಂದರೆ ಬಲಕ್ಕೆ ಬೀಳು, ಎಡಕ್ಕೆ ಬಂದರೆ ಎಡಕ್ಕೆ ಬೀಳು. ಅಪಾಯ ಎಲ್ಲಿದೆಯೋ ಅಲ್ಲಿಗೆ ಮೈ ಎಸೆ. ಯೋಚನೆ ಮಾಡುತ್ತಾ ಕೂತರೆ ಗೋಲು. ಅಷ್ಟು ವರ್ಷ ಅವಳಿಗೆ ಚಪ್ಪಾಳೆ ತಂದ ವಿದ್ಯೆಯೇ ಈಗ ಅವಳನ್ನು ನೀರಿಗೆ ಕೆಡವುತ್ತಿತ್ತು.

ಇದು ನಮ್ಮೆಲ್ಲರ ಕತೆಯೂ ಅಲ್ಲವೇ? ಕೆಲಸ ಬದಲಿಸುತ್ತೇವೆ, ಮೈ ಹಳೆಯದನ್ನೇ ಮಾಡುತ್ತಿರುತ್ತದೆ. ರಿಟೈರ್ ಆದ ಹೆಡ್‌ಮಾಸ್ತರರು ಮನೆಯಲ್ಲಿ ಹೆಂಡತಿಯ ಹಾಜರಿ ಕೇಳುತ್ತಾರೆ. ನಾನು ಗಂಡನ ಜೊತೆ ಜಗಳವಾಡುವಾಗಲೂ ಕೊನೆಗೊಂದು ಪಂಚ್ ಲೈನ್ ಹುಡುಕುತ್ತೇನೆ. (ಅವರಿಗೆ ಸಿಟ್ಟು ಬರುವುದೇ ಅದಕ್ಕೆ.)

ಮಾರನೇ ದಿನ ಗೌರಕ್ಕ ರೇವತಿಯನ್ನು ಒಬ್ಬಳನ್ನೇ ಪಾತಿಯಲ್ಲಿ ಕೂರಿಸಿ, ತೊಡೆಯ ಮೇಲೆ ಬಳಚಿನ ಬುಟ್ಟಿ ಇಟ್ಟಳು. ಅಂಚಿನವರೆಗೂ ತುಂಬಿದ ಬುಟ್ಟಿ.

"ಇದು ನನ್ನ ಬೆಳಗಿನ ದುಡಿತ. ಚೆಲ್ಲಿದ್ರೆ ಇವತ್ತು ಪೇಟೆಗೆ ಹೊತ್ಕಂಡು ಹೋಗೂಕೆ ಎಂತದೂ ಇಲ್ಲ."

"ಬೇಡ ಗೌರಕ್ಕಾ! ಖಂಡಿತಾ ಚೆಲ್ತದೆ!"

"ಚೆಲ್ಲೂದಿಲ್ಲ. ಗೋಲು ಕಾಯ್ವವಳಲ್ವಾ ನೀನು? ಇದ್ನ ಕಾಯು ಕಾಣ್ವಾ."

ತೆರೆ ಬಂತು. ರೇವತಿಯ ಹೆಗಲು ಒಂದು ಸಲ ಜಗ್ಗಿದ್ದು ನನಗೆ ದಡದಿಂದಲೇ ಕಂಡಿತು. ಆದರೆ ಅವಳು ಹಾರಲಿಲ್ಲ. ಸೊಂಟ ಸಡಿಲ ಬಿಟ್ಟಳು. ಪಾತಿ ಓಲಾಡಿತು, ಓಲಾಡಿ ನಿಂತಿತು. ನಾಲ್ಕೈದು ಬಳಚು ನೀರಿಗೆ ಬಿದ್ದವು, ಅಷ್ಟೇ.

"ಹೋಗ್ಲಿ, ಸಮುದ್ರಕ್ಕೂ ಬೇಕಲ್ಲ" ಅಂದಳು ಗೌರಕ್ಕ.

ನಾನು ದಡದಲ್ಲಿ ನಿಂತು ಅತ್ತೆ. ನಾಚಿಕೆಯೇನೂ ಇಲ್ಲ, ಜೋರಾಗಿಯೇ ಅತ್ತೆ.

ಆಮೇಲೆ ಅರ್ಧ ಬುಟ್ಟಿ. ಆಮೇಲೆ ಖಾಲಿ ಬುಟ್ಟಿ. ಕೊನೆಯ ವಾರ ಬುಟ್ಟಿಯೂ ಇಲ್ಲ. ಇಳಿತಕ್ಕೆ ಕೇಣಿಯಲ್ಲಿ ಗೌರಕ್ಕ, ಉಳಿದ ಹೊತ್ತಿನಲ್ಲಿ ಕಾರವಾರದಲ್ಲಿ ಕಯಾಕ್. ಇಳಿತದ ಹೊತ್ತು ಬದಲಾದ ಹಾಗೆ ತಂಗಿಯ ಊಟ ತಿಂಡಿಯ ಹೊತ್ತೂ ಬದಲಾಯಿತು. ಬಟ್ಟಲು ಮಾತ್ರ ಪೂರ್ತಿ ಖಾಲಿಯಾಗುತ್ತಿತ್ತು.

ಕಳೆದ ಭಾನುವಾರ ಕಾಳಿಯಲ್ಲಿ ಸೆಲೆಕ್ಷನ್ ನಡೆಯಿತು. ಮೊದಲ ನಾಲ್ವರಿಗೆ ಜಾಗ. ಉಳಿದವರೆಲ್ಲ ಇಪ್ಪತ್ತರ ಆಚೀಚೆಯ ಹುಡುಗಿಯರು. ಅರ್ಧ ದಾರಿಯಲ್ಲಿ ಪಕ್ಕದ ದೋಣಿಯ ತೆರೆ ಬಂದು ರೇವತಿಯ ಕಯಾಕಿಗೆ ಬಡಿಯಿತು. ಹೆಗಲು ಜಗ್ಗಿತು. ನಾನು ಕಣ್ಣು ಮುಚ್ಚಿದೆ. ತೆಗೆದಾಗ ಅವಳು ಕೂತೇ ಇದ್ದಳು, ಹುಟ್ಟು ಹಾಕುತ್ತಲೇ ಇದ್ದಳು.

ನಾಲ್ಕನೆಯವಳಾಗಿ ಬಂದಳು. ಗೇಣು ಅಂತರದಲ್ಲಿ!

ಮಧ್ಯಾಹ್ನ ಸೀದಾ ಕೇಣಿಗೆ ಹೋದೆವು. ಗೌರಕ್ಕ ಅಂಗಳದಲ್ಲಿ ಬಳಚು ತೊಳೆಯುತ್ತಿದ್ದಳು.

"ಬಿದ್ಯಾ?"

"ಇಲ್ಲ ಗೌರಕ್ಕಾ. ತಂಡಕ್ಕೆ ತಕಂಡ್ರು."

"ಮತ್ತೆಂತದು! ಕೂತ್ಕಣಿ, ಚಾ ಮಾಡ್ತೆ."

ರೇವತಿ ಬಗ್ಗಿ ಕಾಲು ಮುಟ್ಟಿದಳು. ಆ ಮೊಣಕಾಲಿನಲ್ಲಿ ಬಗ್ಗುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಗೌರಕ್ಕ ಗಾಬರಿಯಾಗಿ ಒದ್ದೆ ಕೈಯಲ್ಲೇ ಅವಳನ್ನು ಎತ್ತಿದಳು.

ರಾಜ್ಯ ತಂಡದ ಕ್ಯಾಂಪಿಗೆ ಒಂದು ಫಾರ್ಮ್ ತುಂಬಿ ಕಳಿಸಬೇಕಿತ್ತು. 'ತರಬೇತುದಾರರ ಹೆಸರು' ಅಂತ ಒಂದು ಸಾಲು. ಕಾರವಾರದ ಕೋಚ್ ದೊಡ್ಡ ಮನಸ್ಸಿನವರು. "ನಂದು ಬೇಡ ಮೇಡಂ, ಆ ಅಮ್ಮಂದೇ ಬರೀರಿ" ಅಂದಿದ್ದರು. ರೇವತಿ ಅಲ್ಲೇ ಜಗಲಿಯಲ್ಲಿ ಕೂತು ಗೌರಕ್ಕನ ಹೆಸರು ಬರೆದಳು. ಕೆಳಗಿನ ಸಾಲಿನಲ್ಲಿತ್ತು, 'ಅರ್ಹತೆ'.

"ಹಂಗಂದ್ರೆ ಎಂತದು?" ಕೇಳಿದಳು ಗೌರಕ್ಕ.

ಎಷ್ಟು ಓದಿದ್ದು, ಯಾವ ಕೋರ್ಸ್ ಮಾಡಿದ್ದು ಅಂತ ಹೇಳುವಾಗ ನನಗೇ ಮುಜುಗರವಾಯಿತು.

"ಅದೆಲ್ಲ ನಂಗೆಲ್ಲಿ ಉಂಟು? ನನ್ನ ಹೆಸ್ರು ಹೊಡ್ದು ಹಾಕು ತಂಗೀ" ಅಂದಳು, ಒಂಚೂರೂ ಬೇಸರವಿಲ್ಲದೆ.

ವಾರ ವಾರ ಪದ ಜೋಡಿಸುವ ನನಗೆ ಆ ಖಾಲಿ ಸಾಲಿಗೆ ಒಂದು ಪದವೂ ಹೊಳೆಯಲಿಲ್ಲ. ರೇವತಿ ತಲೆ ಎತ್ತದೆ ಬರೆದಳು: 'ನಾನೀಗ ಬೀಳುವುದಿಲ್ಲ.'

ಯಾವ ಆಫೀಸರು ಅದರ ಮೇಲೆ ಗೀಟು ಎಳೆಯುತ್ತಾರೋ, ಎಳೆಯಲಿ ನೋಡೋಣ!