ಕೊಬ್ಬಿನ ಪೊರೆ ಮತ್ತು ದೊಡ್ಡಮ್ಮನ ಮಾತ್ರೆ

ಡೆಂಗ್ಯೂ ವೈರಸ್ ನಮ್ಮ ಜೀವಕೋಶದೊಳಗೆ ಹೇಗೆ ಹೊಗುತ್ತದೆ ಎಂಬುದೊಂದನ್ನೇ ನಾನು ಆರು ವರ್ಷ ಲ್ಯಾಬಿನಲ್ಲಿ ಕೂತು ನೋಡಿದವಳು. ಡಾಕ್ಟರೇಟ್ ಬಂದದ್ದೂ ಅದಕ್ಕೇ. ಈಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಈ ವಿಷಯದ ಬಗ್ಗೆ ಮಾತಾಡಲು ಯಾರಾದರೂ ಕರೆದರೆ ತಯಾರಿ ಬೇಡ. ಎದ್ದು ನಿಂತರೆ ಒಂದು ಗಂಟೆ ಹೇಳಬಲ್ಲೆ. ಆ ಧೈರ್ಯದಲ್ಲೇ ಬೆಳ್ತಂಗಡಿ ಕಡೆಯ ದೊಡ್ಡಮ್ಮನ ಊರಿಗೆ ಹೋದದ್ದು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅರವತ್ತೈದು ದಾಟಿದರೂ ಸೊಸೆಯ ಜೊತೆ ತಾವೇ ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುವವರು. ಆ ಮಳೆಗಾಲದಲ್ಲಿ ಅವರ ಊರಿನಲ್ಲಿ ಒಂದು ಮನೆ ಬಿಟ್ಟು ಇನ್ನೊಂದರಲ್ಲಿ ಡೆಂಗ್ಯೂ. ಸ್ವಸಹಾಯ ಸಂಘದ ಹೆಂಗಸರು ಶಾಲೆಯ ಹಾಲ್‌ನಲ್ಲಿ ಸಭೆ ಇಟ್ಟು, ತಂಗಿಯ ಮಗಳನ್ನು ಕರೆಸಿ ಎಂದು ದೊಡ್ಡಮ್ಮನಿಗೆ ಹೇಳಿದ್ದರು.

ಸೊಳ್ಳೆಯ ವಿಚಾರವನ್ನು ಆಶಾ ಕಾರ್ಯಕರ್ತೆ ಆಗಲೇ ಹೇಳಿ ಮುಗಿಸಿದ್ದರು. ನಾನು ಅಲ್ಲಿಂದ ಮುಂದಿನದನ್ನು ಎತ್ತಿಕೊಂಡೆ. ನಮ್ಮ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಈ ವೈರಸ್ಸಿಗೂ ಅಂಥದ್ದೇ ಒಂದು ಪೊರೆ. ಎರಡೂ ಬೆಸೆದು ಒಂದಾದರೆ ಮಾತ್ರ ವೈರಸ್ಸಿನ ಸರಕು ಕೋಶದೊಳಕ್ಕೆ ಇಳಿಯುತ್ತದೆ. ಪೊರೆಯಲ್ಲಿ ಯಾವ ಕೊಬ್ಬು ಎಷ್ಟಿದೆ ಎಂಬುದರ ಮೇಲೆ ಆ ಬೆಸುಗೆ ನಿಂತಿದೆ. ಲ್ಯಾಬಿನ ತಟ್ಟೆಯಲ್ಲಿ ಕೋಶಗಳ ಪೊರೆಯಿಂದ ಕೊಲೆಸ್ಟರಾಲನ್ನು ಹೀರಿ ತೆಗೆದಾಗ ಹೆಚ್ಚಿನ ವೈರಸ್‌ಗಳು ಹೊರಗೇ ಬಾಕಿಯಾಗುತ್ತಿದ್ದವು. ಅದನ್ನು ವಿವರಿಸುತ್ತಾ ನಾನು, "ಬಾಗಿಲಿನ ಕೊಬ್ಬು ತೆಗೆದರೆ ಆಯಿತು, ಕಳ್ಳನಿಗೆ ಒಳಗೆ ಬರಲಿಕ್ಕೆ ಆಗುವುದಿಲ್ಲ" ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಬೆಂಚಿನಲ್ಲಿ ಕೂತಿದ್ದ ದೊಡ್ಡಮ್ಮನಿಗೆ ನನಗಿಂತ ಹೆಚ್ಚು ಹೆಮ್ಮೆ.

ಮೂರು ವಾರ ಕಳೆದಿರಬೇಕು. ಅವರ ಸೊಸೆ, ನಾನು ಅತ್ತಿಗೆ ಎಂದು ಕರೆಯುವವರು, ಫೋನ್ ಮಾಡಿದರು.

"ಅತ್ತೆಗೆ ನೆಲದಲ್ಲಿ ಕೂತರೆ ಏಳಲಿಕ್ಕೆ ಆಗುವುದಿಲ್ಲ. ತೊಡೆ ಎಲ್ಲ ನೋವಂತೆ. ಜ್ವರ ಇಲ್ಲ. ನೀವೊಮ್ಮೆ ಬಂದು ಹೋಗುತ್ತೀರಾ? ನಾನು ಹೇಳಿದರೆ ಕೇಳುವುದಿಲ್ಲ ಅವರು."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ದೊಡ್ಡಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದರು. ಊಟಕ್ಕೆ ಕೂತಾಗ ಅವರ ತಟ್ಟೆಯಲ್ಲಿ ಗಂಜಿ ಮತ್ತು ಬೇಯಿಸಿದ ಬಸಳೆ ಮಾತ್ರ. ತೆಂಗಿನಕಾಯಿ ಇಲ್ಲ, ಎಣ್ಣೆ ಇಲ್ಲ, ಮೀನೂ ಇಲ್ಲ. ನಾನು ಕಾರಣ ಕೇಳಿದೆ.

"ನೀನೇ ಹೇಳಿದ್ದಲ್ವಾ ಮಾರಾಯ್ತಿ, ಕೊಬ್ಬು ತೆಗೆದರೆ ವೈರಸ್ ಬರುವುದಿಲ್ಲ ಅಂತ."

ದೊಡ್ಡಮ್ಮ ಮೂರು ವರ್ಷದಿಂದ ಕೊಲೆಸ್ಟರಾಲ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. "ಮಾತ್ರೆ ಎಷ್ಟು ತಿನ್ನುತ್ತಿದ್ದೀರಿ?" ಎಂದು ಕೇಳಿದೆ.

"ಮೊದಲು ಒಂದು. ಈಗ ಮೂರು."

ಹೇಳುವಾಗ ಅವರ ದನಿಯಲ್ಲಿ ಅಳುಕು ಇರಲಿಲ್ಲ. ತಂಗಿಯ ಮಗಳು ಕಲಿತು ಬಂದು ಹೇಳಿದ್ದನ್ನು ಅಚ್ಚುಕಟ್ಟಾಗಿ ಪಾಲಿಸಿದ ಸಮಾಧಾನವಿತ್ತು. ಆ ಕ್ಷಣ ನನಗಾದ ನಾಚಿಕೆಯನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಆ ಮಾತ್ರೆ ಹೆಚ್ಚಾದರೆ ಸ್ನಾಯುಗಳಿಗೆ ಪೆಟ್ಟು ಬೀಳಬಹುದು ಎಂಬುದು ನನಗೆ ಗೊತ್ತಿತ್ತು. ಮಾತ್ರೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅದನ್ನು ಬರೆದುಕೊಟ್ಟ ವೈದ್ಯರು ಬಂಟ್ವಾಳದವರು. ಮರುದಿನ ಅತ್ತಿಗೆ ಕಾರು ಓಡಿಸಿದರು. ನಾನು ರಜೆ ಹಾಕಿ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಜೊತೆ ಕೂತೆ. ಅಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ವೈದ್ಯರು ವರದಿ ನೋಡಿ, "ಸ್ನಾಯುಗಳಿಗೆ ತೊಂದರೆ ಆಗಿದೆ. ಕಿಡ್ನಿಗೆ ಏನೂ ಆಗಿಲ್ಲ. ಮಾತ್ರೆ ಸದ್ಯ ನಿಲ್ಲಿಸುವ, ಸರಿಯಾಗುತ್ತದೆ" ಎಂದರು. ಕಾರಣ ತಿಳಿದ ಮೇಲೆ ನನ್ನ ಕಡೆ ತಿರುಗಿ, "ಮೇಡಂ, ಲ್ಯಾಬಿನ ತಟ್ಟೆಯಲ್ಲಿ ಆದದ್ದನ್ನು ಹೇಳುವಾಗ ತಟ್ಟೆಯಲ್ಲಿ ಆದದ್ದು ಅಂತಲೇ ಹೇಳಬೇಕು" ಎಂದರು. ನಾನು ಒಪ್ಪಿಕೊಂಡೆ.

ವಾಪಸು ಬರುವಾಗ ದಾರಿಬದಿಯ ಹೋಟೆಲಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಲ್ಲಿ ದೊಡ್ಡಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಊಟದಲ್ಲಿ ಎಣ್ಣೆ ಬಿಟ್ಟರೆ ಕೋಶದ ಪೊರೆ ಬರಿದಾಗುವುದಿಲ್ಲ, ಬೇಕಾದ ಕೊಲೆಸ್ಟರಾಲನ್ನು ಶರೀರವೇ ಮಾಡಿಕೊಳ್ಳುತ್ತದೆ ಎಂದೆ.

ಅವರು, "ನೀವು ಲ್ಯಾಬಿನವರು ಕೊಬ್ಬು ತೆಗೆದ ಆ ಕೋಶ ಇದೆಯಲ್ಲ, ಅದು ಆಮೇಲೆ ಎಷ್ಟು ದಿನ ಬದುಕುತ್ತದೆ?" ಎಂದು ಕೇಳಿದರು.

"ತುಂಬಾ ತೆಗೆದರೆ ಅದೂ ಸಾಯುತ್ತದೆ."

"ಅದನ್ನು ಆವತ್ತು ಯಾಕೆ ಹೇಳಲಿಲ್ಲ?"

ಆರು ವರ್ಷದಲ್ಲಿ ಯಾವ ಪರೀಕ್ಷಕರೂ ನನ್ನನ್ನು ಅಷ್ಟು ನೇರವಾಗಿ ಹಿಡಿದು ನಿಲ್ಲಿಸಿರಲಿಲ್ಲ.

ಕಾಲೇಜಿನಲ್ಲಿ ಗೆಳತಿಯೊಬ್ಬಳು, ಇನ್ನು ಹಳ್ಳಿಯವರಿಗೆ ಸೊಳ್ಳೆಯದ್ದಷ್ಟೇ ಹೇಳು, ಪೊರೆಯ ವಿಷಯ ಬೇಡ ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ತಪ್ಪಾದದ್ದು ಹೆಚ್ಚು ಹೇಳಿದ್ದರಿಂದಲ್ಲ, ಅರ್ಧಕ್ಕೆ ನಿಲ್ಲಿಸಿದ್ದರಿಂದ. ಮುಂದಿನ ವಾರವೇ ಅದೇ ಹಾಲ್‌ನಲ್ಲಿ ಮತ್ತೆ ಸಭೆ ಕರೆಸಿದೆ. ನನ್ನ ಮಾತಿನಿಂದ ದೊಡ್ಡಮ್ಮನಿಗೆ ಏನಾಯಿತು ಎಂಬುದನ್ನು ಮೊದಲು ಹೇಳಿದೆ. ಇನ್ನೂ ಇಬ್ಬರು ಎಣ್ಣೆ ಬಿಟ್ಟಿದ್ದರೆಂದು ಆಗ ತಿಳಿಯಿತು. ಮಾತ್ರೆಯ ತಂಟೆಗೆ ಯಾರೂ ಹೋಗಿರಲಿಲ್ಲ, ಪುಣ್ಯ.

ಆಮೇಲೆ ಪೂರ್ತಿ ಕತೆ ಹೇಳಿದೆ. ಡೆಂಗ್ಯೂ ವೈರಸ್ ಬಾಗಿಲು ಒಡೆದು ಬರುವುದಿಲ್ಲ; ಕೋಶವೇ ಅದನ್ನು ಪುಟ್ಟ ಚೀಲವೊಂದರಲ್ಲಿ ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ಆ ಚೀಲದೊಳಗೆ ಕ್ರಮೇಣ ಹುಳಿ ಹೆಚ್ಚುತ್ತದೆ. ಹುಳಿ ತಾಗಿದಾಗ ವೈರಸ್ಸಿನ ಮೈಮೇಲಿನ ಪ್ರೋಟೀನ್ ಆಕಾರ ಬದಲಿಸಿ ಚೀಲದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಅಲ್ಲಿ ಒಂದು ಬಗೆಯ ಕೊಬ್ಬು ಇದ್ದರೆ ಬೆಸುಗೆ ಪೂರ್ಣವಾಗುತ್ತದೆ, ಇಲ್ಲದಿದ್ದರೆ ಅರ್ಧದಲ್ಲಿ ನಿಲ್ಲುತ್ತದೆ. ಕೆಲವರ ಮುಖದಲ್ಲಿ ಗೊಂದಲ ಕಂಡಿತು. ದೊಡ್ಡಮ್ಮ ಕೂತಲ್ಲಿಂದಲೇ ತಿರುಗಿ, "ರಬ್ಬರ್ ಹಾಲಿಗೆ ಆಸಿಡ್ ಹಾಕಿದರೆ ಹೇಗೆ ಗಟ್ಟಿಯಾಗುತ್ತದೆ? ಅದುವರೆಗೆ ನೀರಿನ ಹಾಗೆ ಇದ್ದದ್ದು. ಹುಳಿ ಬಿದ್ದರೆ ಸ್ವಭಾವವೇ ಬೇರೆ. ಹಾಗೆ" ಎಂದರು. ಇಡೀ ಹಾಲ್ ತಲೆದೂಗಿತು. ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು, "ಹಾಗಾದರೆ ಆ ಬೆಸುಗೆ ತಡೆಯುವ ಮದ್ದು ಉಂಟಾ?" ಎಂದರು.

"ಇನ್ನೂ ಇಲ್ಲ. ಎಲ್ಲಿ ತಡೆಯಬೇಕು ಎಂಬುದು ಗೊತ್ತಾಗಿದೆ. ತುಂಬ ಮಂದಿ ಕೆಲಸ ಮಾಡುತ್ತಿದ್ದಾರೆ, ಬಂದೇ ಬರುತ್ತದೆ. ಅಲ್ಲಿಯವರೆಗೆ ರಬ್ಬರ್ ಮರದಲ್ಲಿ ಕಟ್ಟಿದ ಗೆರಟೆಯಲ್ಲಿ ನೀರು ನಿಲ್ಲಬಾರದು."

ಮಳೆಗೆ ಟ್ಯಾಪಿಂಗ್ ನಿಂತಿದ್ದರಿಂದ ಹಾಲು ಹಿಡಿಯುವ ಗೆರಟೆಗಳೆಲ್ಲ, ಅಂದರೆ ತೆಂಗಿನ ಚಿಪ್ಪುಗಳೆಲ್ಲ, ಮಳೆನೀರು ತುಂಬಿಕೊಂಡು ಮರಗಳಲ್ಲೇ ಇದ್ದವು. ಮರುದಿನದಿಂದ ಸಂಘದವರು ತಂಡ ಮಾಡಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಅವನ್ನು ಕವುಚಿ ಹಾಕಿದರು. ದೊಡ್ಡಮ್ಮ ನಡೆಯಲಾರದೆ ರಸ್ತೆಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಯಾವ ತೋಟ ಆಯಿತು, ಯಾವುದು ಬಾಕಿ ಎಂದು ಕೂಗಿ ಹೇಳುತ್ತಿದ್ದರಂತೆ.

ದೀಪಾವಳಿಯ ಹೊತ್ತಿಗೆ ಅವರ ಕಾಲು ಸರಿಯಾಯಿತು. ವೈದ್ಯರು ಮಾತ್ರೆಯನ್ನು ದಿನಕ್ಕೆ ಒಂದರಂತೆ ಮತ್ತೆ ಶುರು ಮಾಡಿಸಿದರು. ಪುತ್ತಿಗೆಯ ಸಂಘವೊಂದು ಅದೇ ವಿಷಯ ಮಾತಾಡಲು ನನ್ನನ್ನು ಕರೆದಾಗ ನಾನು ದೊಡ್ಡಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದೆ. ಆಸಿಡ್‌ನ ಭಾಗ ಬಂದಾಗ ನಾನು ಬದಿಗೆ ಸರಿದು ನಿಂತೆ, ಅವರೇ ಹೇಳಿದರು.