ಬೇಗ ಆರುವ ದೀಪ

ಕುಲಗೋಡದ ನಮ್ಮ ಮನೆಯ ಮುಂದೆ ಜೋಳ ತುಂಬಿಡುವ ಹಗೇವು ಇತ್ತು, ನೆಲದೊಳಗೆ ಎರಡಾಳು ಆಳದ ಕುಳಿ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಅದರೊಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ಅದಕ್ಕೇ ಮನೆಯ ಹಿರಿಯ ಆಳು, ನಾನು ಕಾಕಾ ಎಂದು ಕರೆಯುತ್ತಿದ್ದವರು, ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ಆರಿದರೆ ಇಳಿಯುವಂತಿಲ್ಲ. ಅದಕ್ಕೂ ಮೊದಲು ದೀಪಗಳಿಗೇ ಪರೀಕ್ಷೆ: ಅಂಗಳದಲ್ಲಿ ನಾಲ್ಕಾರು ಹಚ್ಚಿ, ಒಂದೊಂದರ ಮೇಲೂ ಗಡಿಗೆ ಬೋರಲು ಹಾಕಿ, ಎತ್ತೆತ್ತಿ ನೋಡಿ, ಎಲ್ಲಕ್ಕಿಂತ ಮೊದಲು ಆರಿದ್ದನ್ನೇ ಆಯ್ದುಕೊಳ್ಳುತ್ತಿದ್ದರು.

ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನಗೆ ನಗು ತಡೆಯಲಿಲ್ಲ.

“ಕಾಕಾ, ಆರೋ ದೀಪಾ ತಗೊಂಡ ಏನ್ ಮಾಡ್ತೀರಿ? ನನ್ನ ಟಾರ್ಚ್ ಬಿಡ್ರಿ. ಇದು ಸೈನ್ಸ್!”

“ಹೌದೇನ್ರಿ ಸಣ್ಣಕ್ಕಾರ? ಸಾಲಿ ಕಲತವ್ರು ಹೇಳಿದ ಮ್ಯಾಲ ಮುಗೀತಲ್ರಿ,” ಎಂದು ಅವರೂ ನಕ್ಕರು.

ಅವರು ಇಳಿಬಿಟ್ಟ ನನ್ನ ಟಾರ್ಚ್ ತಳ ಮುಟ್ಟಿ ಬೆಳ್ಳಗೆ ಬೆಳಗಿತು. ಅದಕ್ಕೆ ಗಾಳಿಯೇ ಬೇಕಿಲ್ಲ, ಬೇಗ ಆರುವ ದೀಪವೇ ಬೇಗ ಎಚ್ಚರಿಸುವುದು ಎಂಬುದು ನನಗೆ ಹೊಳೆಯಲಿಲ್ಲ. ಕಾಕಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಸ್ವಲ್ಪ ಹೊತ್ತಿಗೆ ಕರೆದರೂ ಓಗೊಡಲಿಲ್ಲ. ಆಳುಗಳು ಎಳೆದು ಮೇಲೆ ಹಾಕಿದಾಗ ಅವರ ತುಟಿ ನೀಲಿಯಾಗಿತ್ತು.

ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟರು. ಹೊಲದಿಂದ ಓಡಿಬಂದ ಅಪ್ಪ ರೇಗಿದರು: “ದೀಪಾ ಬಿಟ್ಟು ನೋಡದ ಹೆಂಗ ಇಳದ್ಯೋ?”

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. “ನಂದ ತಪ್ಪರಿ. ಅವಸರಾ ಮಾಡಿದ್ನಿ.”

ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ “ಸಾರಿ” ಎನ್ನಲು ಕಲಿತವಳು ನಾನು. ಅಂದು ಬಾಯಿ ಬಿಡಲಿಲ್ಲ, ಅವರು ಬದುಕಿರುವವರೆಗೂ ಬಿಡಲಿಲ್ಲ. ಅಂದು ಹಗೇವಿನ ತಳದಲ್ಲಿ ನನ್ನ ಟಾರ್ಚ್ ಮಾತ್ರ ಇನ್ನೂ ಬೆಳಗುತ್ತಲೇ ಇತ್ತು.